ಮೇದೋಜೀರಕದ ಕೀವೂ ಕೆರೆಯ ತೂಬೂ

ಹೊಟ್ಟೆನೋವೆಂಬ ಮಾತಿನಷ್ಟು ಸಾಧಾರಣವಾದ ಮಾತು ವೈದ್ಯನ ಕಿವಿಗೆ ಬೇರೊಂದು ಬೀಳಲಾರದು. ಅಜೀರ್ಣಕ್ಕೂ ಅದೇ ಮಾತು, ಜಂತುಹುಳುವಿನ ಬಾಧೆಗೂ ಅದೇ ಮಾತು, ಪ್ರಾಣಕ್ಕೇ ಎರವಾಗುವ ವ್ಯಾಧಿಗೂ ಅದೇ ಮಾತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಈಚೆಗೆ ಇವೆಲ್ಲಕ್ಕೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು ನೆಲೆನಿಂತಿದೆ. ಎದೆಗೂಡಿನ ಕೆಳಗೆ ನೋವು ಕಾಣಿಸಿತೆಂದರೆ ಸೋಡ ಕುಡಿಯುವುದು, ಔಷಧದಂಗಡಿಯಿಂದ ಒಂದು ಮಾತ್ರೆ ತರುವುದು, ಅದಕ್ಕೂ ಬಗ್ಗದಿದ್ದರೆ ಒಂದು ಸೂಜಿಮದ್ದು ಹಾಕಿಸಿಕೊಳ್ಳುವುದು, ಇದು ವಾಡಿಕೆ. ಹತ್ತು ಸಲ ಇದರಿಂದ ಕೇಡಾಗದೆ ಹೋಗಬಹುದು. ಹನ್ನೊಂದನೆಯ ಸಲ ಆ ನೋವು ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತವಾಗಿದ್ದರೆ, ಕಳೆದುಹೋದ ಎರಡು ದಿನಗಳಿಗೆ ರೋಗಿಯೂ ಅವನ ಮನೆಯವರೂ ಎರಡು ತಿಂಗಳು ಬೆಲೆ ತೆರಬೇಕಾಗುತ್ತದೆ.

ಈ ವ್ಯಾಧಿಯು ಕಟ್ಟಕಡೆಯ ಹಂತಕ್ಕೆ ಹೋಗಿ, ಸತ್ತ ಊತಕದಲ್ಲಿ ಕೀವು ತುಂಬಿಕೊಂಡಾಗ ಏನು ಮಾಡಬೇಕೆಂಬ ವಿಷಯದಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ ವೈದ್ಯಶಾಸ್ತ್ರವು ತನ್ನ ಅಭಿಪ್ರಾಯವನ್ನು ಬುಡಮೇಲಾಗಿ ಬದಲಿಸಿಕೊಂಡಿದೆ. ದೊಡ್ಡ ಗಾಯಕ್ಕೆ ಬದಲಾಗಿ ಸಣ್ಣ ರಂಧ್ರ, ಅವಸರಕ್ಕೆ ಬದಲಾಗಿ ತಾಳ್ಮೆ ಎಂಬುದೇ ಈ ಬದಲಾವಣೆಯ ತಿರುಳು. ಈ ಹೊಸ ವಿಧಾನವನ್ನು ನಗರದ ದುಬಾರಿ ಯಂತ್ರಗಳ ಪವಾಡವೆಂದು ಎಣಿಸುವವರೇ ಹೆಚ್ಚು. ನಮ್ಮ ಅಭಿಪ್ರಾಯ ಬೇರೆಯಾಗಿದೆ. ಅದರ ಮೊದಲ ಮೆಟ್ಟಿಲುಗಳು ಜಿಲ್ಲೆಯಲ್ಲಿಯೇ ಇರಬೇಕಾದುವು. ಅವು ಅಲ್ಲಿ ಗಟ್ಟಿಯಾಗದಿದ್ದರೆ ನಗರದ ಯಂತ್ರಗಳಿಂದ ಪೂರ್ಣ ಪ್ರಯೋಜನ ದೊರೆಯಲಾರದು. ಇದನ್ನು ಓದುಗರ ಮುಂದೆ ಸಕಾರಣವಾಗಿ ಇಡುವುದೇ ಈ ಲೇಖನದ ಉದ್ದೇಶ.

ಗ್ರಂಥಿಯು ತನ್ನನ್ನೇ ಜೀರ್ಣಿಸಿಕೊಂಡಾಗ

ಮೇದೋಜೀರಕವು ಜಠರದ ಹಿಂಬದಿಯಲ್ಲಿ, ಬೆನ್ನುಮೂಳೆಯ ಮುಂದೆ ಅಡ್ಡಲಾಗಿ ಮಲಗಿರುವ ಒಂದು ಮೃದುವಾದ ಗ್ರಂಥಿ. ಉದ್ದ ಸುಮಾರು ೧೫ ಸೆಂಟಿಮೀಟರ್; ತೂಕ ನೂರು ಗ್ರಾಮಿನ ಆಸುಪಾಸು. ಇಷ್ಟು ಚಿಕ್ಕ ಅಂಗವು ದಿನವೊಂದಕ್ಕೆ ಒಂದರಿಂದ ಎರಡು ಲೀಟರಿನಷ್ಟು ಜೀರ್ಣರಸವನ್ನು ಸಣ್ಣ ಕರುಳಿಗೆ ಸುರಿಸುತ್ತದೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಕೂಡ ಇದರಲ್ಲಿಯೇ ತಯಾರಾಗುವುದೆಂಬುದು ಎಲ್ಲರಿಗೂ ತಿಳಿದ ಸಂಗತಿ.

ಮಾಂಸವನ್ನೂ ಕೊಬ್ಬನ್ನೂ ಕರಗಿಸಬಲ್ಲ ರಸವನ್ನು ತಯಾರಿಸುವ ಗ್ರಂಥಿಯು ತಾನೇ ಏಕೆ ಕರಗಿಹೋಗುವುದಿಲ್ಲ? ಪ್ರಕೃತಿಯು ಇದಕ್ಕೆ ಒಂದು ಉಪಾಯವನ್ನು ಮಾಡಿದೆ. ಗ್ರಂಥಿಯೊಳಗೆ ಕಿಣ್ವಗಳು ನಿದ್ರಾವಸ್ಥೆಯಲ್ಲಿರುತ್ತವೆ. ಟ್ರಿಪ್ಸಿನೋಜೆನ್ ಎಂಬುದು ಕರುಳನ್ನು ಸೇರಿದ ಬಳಿಕವೇ ಅಲ್ಲಿನ ಮತ್ತೊಂದು ಕಿಣ್ವದ ಸ್ಪರ್ಶದಿಂದ ಟ್ರಿಪ್ಸಿನ್ ಆಗಿ ಎಚ್ಚರಗೊಂಡು ಉಳಿದವುಗಳನ್ನೂ ಎಬ್ಬಿಸುತ್ತದೆ. ಪಿತ್ತಕೋಶದಿಂದ ಜಾರಿದ ಕಲ್ಲೊಂದು ನಾಳದ ಬಾಯಿಯಲ್ಲಿ ಸಿಕ್ಕಿಕೊಂಡರೆ, ಅಥವಾ ಮದ್ಯಪಾನದಿಂದ ಗ್ರಂಥಿಯ ಕೋಶಗಳು ಘಾಸಿಗೊಂಡರೆ, ಈ ಎಚ್ಚರವು ಕರುಳಿನಲ್ಲಿ ಆಗುವುದಕ್ಕೆ ಬದಲಾಗಿ ಗ್ರಂಥಿಯೊಳಗೇ ಆಗುತ್ತದೆ. ಆಗ ಗ್ರಂಥಿಯು ತನ್ನನ್ನು ತಾನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಈ ಸ್ವಯಂಪಚನದ ವಿಚಾರವನ್ನು ೧೮೯೬ರಲ್ಲಿ ಹಾನ್ಸ್ ಕಿಯಾರಿ ಎಂಬ ವಿದ್ವಾಂಸನು ಮಂಡಿಸಿದನು. ಅದಕ್ಕೆ ಏಳು ವರ್ಷಗಳ ಮೊದಲು, ೧೮೮೯ರಲ್ಲಿ, ಅಮೆರಿಕದ ಬಾಸ್ಟನ್ ನಗರದ ರೆಜಿನಾಲ್ಡ್ ಫಿಟ್ಸ್ ಈ ರೋಗದ ಲಕ್ಷಣಗಳನ್ನು ಕ್ರಮವಾಗಿ ವಿವರಿಸಿದ್ದನು.

ಕಲ್ಲು ಮತ್ತು ಮದ್ಯ ಇವೆರಡೇ ಮುಖ್ಯ ಕಾರಣಗಳಾದರೂ ಇವೆರಡೇ ಅಲ್ಲ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಡೆಸಿಲೀಟರಿಗೆ ಸಾವಿರ ಮಿಲಿಗ್ರಾಮನ್ನು ದಾಟಿದರೆ ಗ್ರಂಥಿಗೆ ಅಪಾಯವುಂಟು. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು ಮೈಸೇರಿದಾಗಲೂ ಕೆಲವರಲ್ಲಿ ಮೇದೋಜೀರಕವು ಕೆರಳುತ್ತದೆ. ಟೊಮೇಟೊವನ್ನೂ ತರಕಾರಿಗಳನ್ನೂ ವರ್ಷವಿಡೀ ಬೆಳೆದು ಔಷಧಿ ಸಿಂಪಡಿಸುವ ಕೋಲಾರ ಸೀಮೆಯಲ್ಲಿ ಈ ಕೊನೆಯ ಕಾರಣವನ್ನು ವೈದ್ಯರು ಮರೆಯುವಂತಿಲ್ಲ.

ನೋವಿನ ಸ್ವರೂಪವನ್ನು ಓದುಗರು ನೆನಪಿನಲ್ಲಿಡುವುದು ಒಳ್ಳೆಯದು. ಅದು ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ, ಬೆನ್ನಿಗೆ ಈಟಿಯಂತೆ ತೂರುತ್ತದೆ. ಗಂಟೆಗಳು ಕಳೆದರೂ ಇಳಿಯುವುದಿಲ್ಲ. ಮುಂದಕ್ಕೆ ಬಾಗಿ ಕುಳಿತರೆ ಕೊಂಚ ಹಿತವೆನಿಸುತ್ತದೆ. ವಾಂತಿ ಬಿಡದೆ ಕಾಡುತ್ತದೆ. ಇಂಥ ನೋವು, ರಕ್ತದಲ್ಲಿ ಲೈಪೇಸ್ ಅಥವಾ ಅಮೈಲೇಸ್ ಕಿಣ್ವವು ಸಹಜ ಮಿತಿಯ ಮೂರು ಪಟ್ಟಿಗಿಂತ ಹೆಚ್ಚಾಗಿರುವುದು, ಚಿತ್ರಗಳಲ್ಲಿ ಕಾಣುವ ಗುರುತು—ಈ ಮೂರರಲ್ಲಿ ಎರಡು ಇದ್ದರೆ ರೋಗನಿರ್ಣಯವಾದಂತೆಯೇ ಸರಿ.

ನೂರು ಮಂದಿ ರೋಗಿಗಳಲ್ಲಿ ಸುಮಾರು ಎಂಬತ್ತು ಮಂದಿ ಒಂದು ವಾರದೊಳಗೆ ಗುಣ ಹೊಂದಿ ಮನೆಗೆ ತೆರಳುತ್ತಾರೆ. ಉಳಿದವರಲ್ಲಿ ರೋಗವು ವಿಷಮಿಸುತ್ತದೆ. ಗ್ರಂಥಿಯ ಒಂದು ಭಾಗವೋ ಅದರ ಸುತ್ತಲಿನ ಕೊಬ್ಬೋ ಸತ್ತು ಹೋಗುತ್ತದೆ. ಹಾಗೆ ಸತ್ತ ಊತಕವಿರುವವರ ಪೈಕಿ ಸರಿಸುಮಾರು ಮೂರರಲ್ಲೊಬ್ಬರಿಗೆ, ಸಾಮಾನ್ಯವಾಗಿ ಎರಡನೆಯ ವಾರ ಕಳೆದ ಮೇಲೆ, ಕರುಳಿನ ಬ್ಯಾಕ್ಟೀರಿಯಗಳು ಅಲ್ಲಿಗೆ ವಲಸೆ ಹೋಗಿ ಸೋಂಕು ತಗಲುತ್ತದೆ. ಇಳಿದಿದ್ದ ಜ್ವರ ಮತ್ತೆ ಏರುತ್ತದೆ. ಸುಧಾರಿಸುತ್ತಿದ್ದ ರೋಗಿ ಮತ್ತೆ ಕುಗ್ಗುತ್ತಾನೆ. ಈ ಹಂತವನ್ನು ಮುಟ್ಟಿದವರಲ್ಲಿ ನೂರಕ್ಕೆ ಹದಿನೈದರಿಂದ ಮೂವತ್ತು ಮಂದಿ ಈಗಲೂ ಬದುಕುಳಿಯುವುದಿಲ್ಲ. ನಮ್ಮ ಚರ್ಚೆಗೆ ವಿಷಯವಾದವರು ಇವರೇ.

ಕತ್ತಿಯ ಕಾಲ

ಕೀವು ಇರುವಲ್ಲಿ ಕುಯ್ಯಬೇಕು ಎಂಬುದು ಶಸ್ತ್ರವೈದ್ಯದ ಪುರಾತನ ಸೂತ್ರ. ಈ ಸೂತ್ರವನ್ನು ಮೇದೋಜೀರಕಕ್ಕೂ ಅನ್ವಯಿಸಿದ್ದು ಸಹಜವೇ ಆಗಿತ್ತು. ೧೯೨೯ರಲ್ಲಿ ರಾಬರ್ಟ್ ಎಲ್ಮನ್ ಮತ್ತು ಸಂಗಡಿಗರು ರಕ್ತದ ಅಮೈಲೇಸ್ ಪರೀಕ್ಷೆಯ ಪ್ರಯೋಜನವನ್ನು ತೋರಿಸಿಕೊಟ್ಟ ಬಳಿಕ ಹೊಟ್ಟೆಯನ್ನು ತೆರೆಯದೆಯೇ ರೋಗವನ್ನು ಗುರುತಿಸುವುದು ಸಾಧ್ಯವಾಯಿತು. ಬಹುಮಂದಿಗೆ ಶಸ್ತ್ರಕ್ರಿಯೆ ಬೇಕಿಲ್ಲವೆಂಬುದೂ ತಿಳಿಯಿತು. ಆದರೆ ಸೋಂಕು ತಗಲಿದ ವಿಷಮ ಪ್ರಸಂಗಗಳಲ್ಲಿ ಮಾತ್ರ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಹೊಟ್ಟೆಯನ್ನು ಉದ್ದಕ್ಕೆ ಸೀಳಿ, ಸತ್ತ ಊತಕವನ್ನು ಕೈಯಿಂದ ಬಾಚಿ ತೆಗೆಯುವುದೇ ಕ್ರಮವಾಗಿತ್ತು. ಒಂದು ಬಾರಿಗೆ ಮುಗಿಯುವ ಕೆಲಸವೂ ಅದಾಗಿರಲಿಲ್ಲ. ಅನೇಕರಿಗೆ ಎರಡನೆಯ, ಮೂರನೆಯ ಶಸ್ತ್ರಕ್ರಿಯೆ ಬೇಕಾಗುತ್ತಿತ್ತು.

ಆ ಶಸ್ತ್ರಜ್ಞರ ಧೈರ್ಯವನ್ನೂ ಶ್ರಮವನ್ನೂ ನಾವು ಕಡಮೆ ಮಾಡಿ ಹೇಳುತ್ತಿಲ್ಲ. ಆದರೆ ಮೊದಲೇ ಜರ್ಜರಿತವಾದ ದೇಹವು ಅಂಥ ಹೊಡೆತವನ್ನು ತಾಳುವುದು ಕಷ್ಟ. ಸತ್ತ ಊತಕವು ಮೊದಲ ದಿನಗಳಲ್ಲಿ ಬದುಕಿರುವ ಊತಕದೊಡನೆ ಬೆಸೆದುಕೊಂಡಿರುತ್ತದೆ. ಎಲ್ಲಿ ಇದು ಮುಗಿದು ಅದು ಆರಂಭವಾಗುವುದೆಂದು ಕಣ್ಣಿಗೂ ಬೆರಳಿಗೂ ತಿಳಿಯುವುದಿಲ್ಲ. ಬಾಚಲು ಹೋದರೆ ರಕ್ತ ಚಿಮ್ಮುತ್ತದೆ. ೧೯೯೭ರಲ್ಲಿ ಮೆಕ್ಸಿಕೋ ದೇಶದಿಂದ ಪ್ರಕಟವಾದ ಒಂದು ಪರೀಕ್ಷೆಯು ಈ ಮಾತಿಗೆ ದಾರುಣವಾದ ಸಾಕ್ಷ್ಯವನ್ನೊದಗಿಸಿತು. ಮೊದಲ ಮೂರು ದಿನಗಳಲ್ಲಿ ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ನೂರಕ್ಕೆ ೫೮ ಮಂದಿ ಸತ್ತರು. ಹನ್ನೆರಡು ದಿನಗಳಾದರೂ ಕಾದು ಮಾಡಿಸಿಕೊಂಡವರಲ್ಲಿ ೨೭ ಮಂದಿ ಸತ್ತರು. ಪರೀಕ್ಷೆಯನ್ನು ನಡುವಿನಲ್ಲಿಯೇ ನಿಲ್ಲಿಸಬೇಕಾಯಿತು. ಅವಸರದ ಕತ್ತಿ ರೋಗಕ್ಕಿಂತ ಕ್ರೂರವಾದುದೆಂದು ಅಂದಿನಿಂದ ಸ್ಪಷ್ಟವಾಯಿತು.

ಮೆಟ್ಟಿಲು ಮೆಟ್ಟಿಲಾಗಿ

ಕೋಲಾರ ಜಿಲ್ಲೆ ಕೆರೆಗಳ ಜಿಲ್ಲೆ. ತುಂಬಿದ ಕೆರೆಯ ಹೂಳನ್ನು ತೆಗೆಯಲು ಏರಿಯನ್ನು ಒಡೆಯುವ ಒಕ್ಕಲಿಗನನ್ನು ಈ ಸೀಮೆಯಲ್ಲಿ ಯಾರೂ ಕಂಡಿರಲಾರರು. ಮೊದಲು ತೂಬನ್ನು ಎತ್ತಿ ನೀರನ್ನು ಹರಿಯಬಿಡುತ್ತಾರೆ. ನೀರಿಳಿದ ಮೇಲೆ ಹೂಳು ಎಲ್ಲಿದೆ, ಎಷ್ಟಿದೆ ಎಂದು ನೋಡುತ್ತಾರೆ. ಅನಂತರ ಬೇಕೆನಿಸಿದರೆ ಮಾತ್ರ ಅದನ್ನು ಎತ್ತುತ್ತಾರೆ. ಮೇದೋಜೀರಕದ ಹೊಸ ಚಿಕಿತ್ಸಾಕ್ರಮವೂ ಇದೇ ಆಗಿದೆ. ಒತ್ತಡದಲ್ಲಿರುವ ಕೀವನ್ನು ಮೊದಲು ಹೊರಕ್ಕೆ ಬಿಡಬೇಕು. ಅಷ್ಟರಿಂದಲೇ ವಿಷದ ಹೊರೆ ಇಳಿದು ರೋಗಿ ಚೇತರಿಸಿಕೊಂಡರೆ ಸತ್ತ ಊತಕವನ್ನು ದೇಹವು ತಾನಾಗಿಯೇ ನಿಧಾನವಾಗಿ ಅರಗಿಸಿಕೊಳ್ಳುತ್ತದೆ. ಚೇತರಿಸಿಕೊಳ್ಳದಿದ್ದರೆ ಮುಂದಿನ ಮೆಟ್ಟಿಲು.

ಮೊದಲನೆಯ ಮೆಟ್ಟಿಲಿನಲ್ಲಿ ವಿಕಿರಣ ವೈದ್ಯರು ಅಲ್ಟ್ರಾಸೌಂಡ್ ಅಥವಾ ಸಿ.ಟಿ. ಚಿತ್ರವನ್ನು ನೋಡುತ್ತ, ಸಾಧ್ಯವಾದ ಮಟ್ಟಿಗೆ ಎಡಪಕ್ಕೆಯ ಹಿಂಬದಿಯಿಂದ, ಸುಮಾರು ನಾಲ್ಕು ಮಿಲಿಮೀಟರ್ ಅಥವಾ ಅದಕ್ಕಿಂತ ಕೊಂಚ ದಪ್ಪದ ನಳಿಕೆಯೊಂದನ್ನು ಕೀವಿನ ಗುಂಡಿಗೆ ಇಳಿಸುತ್ತಾರೆ. ಅಮೆರಿಕದ ಸಿಯಾಟಲ್ ನಗರದ ಫ್ರೀನಿ ಮತ್ತು ಸಂಗಡಿಗರು ೧೯೯೮ರಲ್ಲಿ ಪ್ರಕಟಿಸಿದ ವರದಿಯಂತೆ ೩೪ ಮಂದಿ ರೋಗಿಗಳಲ್ಲಿ ೧೬ ಮಂದಿ ನಳಿಕೆಗಳಿಂದಲೇ ಗುಣ ಹೊಂದಿದರು. ಎರಡನೆಯ ಮೆಟ್ಟಿಲಿನಲ್ಲಿ ಅದೇ ನಳಿಕೆಯ ಜಾಡನ್ನು ಹಿಡಿದು ಪಕ್ಕೆಯಲ್ಲಿ ಸಣ್ಣದೊಂದು ಗಾಯವನ್ನು ಮಾಡಿ, ದರ್ಶಕಯಂತ್ರವನ್ನು ತೂರಿಸಿ, ಸಡಿಲವಾದ ಊತಕವನ್ನಷ್ಟೇ ಹೊರತೆಗೆಯುತ್ತಾರೆ. ಇನ್ನೊಂದು ದಾರಿಯೂ ಉಂಟು. ಬಾಯಿಯ ಮೂಲಕ ಎಂಡೋಸ್ಕೋಪನ್ನು ಜಠರಕ್ಕಿಳಿಸಿ, ಜಠರದ ಹಿಂಗೋಡೆಯಲ್ಲಿ ರಂಧ್ರ ಮಾಡಿ, ಕೀವು ಜಠರದೊಳಕ್ಕೇ ಬಸಿಯುವಂತೆ ಸಣ್ಣ ಕೊಳವೆಯನ್ನು ಕೂರಿಸುವುದು. ಈ ಮಾರ್ಗವನ್ನು ಟಾಡ್ ಬ್ಯಾರನ್ ಮತ್ತು ಸಹೋದ್ಯೋಗಿಗಳು ೧೯೯೬ರಲ್ಲಿ ವರ್ಣಿಸಿದರು. ಇವೆಲ್ಲ ವಿಫಲವಾದಾಗ ಮಾತ್ರ ಹಳೆಯ ದೊಡ್ಡ ಶಸ್ತ್ರಕ್ರಿಯೆ.

ಈ ಕ್ರಮಕ್ಕೆ ದೃಢವಾದ ಆಧಾರವು ೨೦೧೦ರಲ್ಲಿ ನೆದರ್ಲೆಂಡ್ಸ್ ದೇಶದಿಂದ ದೊರೆಯಿತು. ಅಲ್ಲಿನ ಹತ್ತೊಂಬತ್ತು ಆಸ್ಪತ್ರೆಗಳು ಕೂಡಿ ೮೮ ಮಂದಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ಹಂಚಿದವು. ನೇರವಾಗಿ ಹೊಟ್ಟೆ ತೆರೆಸಿಕೊಂಡವರಲ್ಲಿ ನೂರಕ್ಕೆ ೬೯ ಮಂದಿಗೆ ಘೋರ ತೊಡಕೋ ಸಾವೋ ಸಂಭವಿಸಿತು. ಮೆಟ್ಟಿಲು ಕ್ರಮದವರಲ್ಲಿ ೪೦ ಮಂದಿಗೆ. ಎರಡನೆಯ ಗುಂಪಿನ ನೂರಕ್ಕೆ ೩೫ ಮಂದಿಗೆ ನಳಿಕೆಯೊಂದೇ ಸಾಕಾಯಿತು. ಮುಂದೆ ಹೊಸದಾಗಿ ಸಕ್ಕರೆ ಕಾಯಿಲೆ ಅಂಟಿಕೊಂಡವರು ಮೊದಲನೆಯ ಗುಂಪಿನಲ್ಲಿ ೩೮, ಎರಡನೆಯದರಲ್ಲಿ ೧೬. ಗಾಯದ ಜಾಗದಲ್ಲಿ ಕರುಳು ಉಬ್ಬಿಬಂದವರು ಕ್ರಮವಾಗಿ ೨೪ ಮತ್ತು ೭. ಖರ್ಚೂ ನೂರಕ್ಕೆ ೧೨ರಷ್ಟು ಕಡಮೆಯಾಯಿತು.

ಒಂದು ಅಂಕಿಯನ್ನು ಮಾತ್ರ ಮರೆಮಾಡದೆ ಹೇಳಬೇಕು. ಸತ್ತವರ ಸಂಖ್ಯೆ ಮೊದಲನೆಯ ಗುಂಪಿನಲ್ಲಿ ನೂರಕ್ಕೆ ೧೬, ಎರಡನೆಯದರಲ್ಲಿ ೧೯. ಎಂದರೆ ಇವುಗಳ ನಡುವೆ ಗಣನೀಯವಾದ ಭೇದವೇನೂ ಇಲ್ಲ. ಸಣ್ಣ ರಂಧ್ರದ ಚಿಕಿತ್ಸೆಯನ್ನು ಸಾವನ್ನು ಗೆದ್ದ ವಿದ್ಯೆಯೆಂದು ಹೊಗಳುವ ಜಾಹೀರಾತುಗಳನ್ನು ಕಂಡಾಗ ಓದುಗರು ಈ ಅಂಕಿಯನ್ನು ನೆನೆಯಬೇಕು. ಬದುಕುಳಿದವರು ಹೇಗೆ ಬದುಕುಳಿಯುತ್ತಾರೆ ಎಂಬುದರಲ್ಲಿಯೇ ಹೊಸ ಕ್ರಮದ ಹಿರಿಮೆ ಇದೆ. ಸಕ್ಕರೆ ಕಾಯಿಲೆಯಿಲ್ಲದೆ, ಉಬ್ಬಿದ ಹೊಟ್ಟೆಯಿಲ್ಲದೆ, ಮತ್ತೆ ಮಾವಿನ ತೋಪಿಗೋ ಇಟ್ಟಿಗೆಯ ಗೂಡಿಗೋ ದುಡಿಯಲು ಹೋಗುವ ದೇಹವು ರೈತನಿಗೂ ಕೂಲಿಗಾರನಿಗೂ ಎಷ್ಟು ದೊಡ್ಡ ಆಸ್ತಿಯೆಂಬುದನ್ನು ವಿವರಿಸಬೇಕಾಗಿಲ್ಲ.

ಇದೇ ದೇಶದವರು ೨೦೧೮ರಲ್ಲಿ ಎಂಡೋಸ್ಕೋಪಿನ ದಾರಿಯನ್ನೂ ಪಕ್ಕೆಯ ದಾರಿಯನ್ನೂ ೯೮ ಮಂದಿಯಲ್ಲಿ ಹೋಲಿಸಿ ನೋಡಿದರು. ಘೋರ ತೊಡಕು ಮತ್ತು ಸಾವು ಎರಡರಲ್ಲೂ ಹೆಚ್ಚುಕಡಮೆ ಸಮವಾಗಿದ್ದುವು: ನೂರಕ್ಕೆ ೪೩ ಮತ್ತು ೪೫. ಆದರೆ ಜೀರ್ಣರಸವು ಚರ್ಮದ ಮೂಲಕ ನಿರಂತರವಾಗಿ ಸೋರುವ ತೊಂದರೆ ಎಂಡೋಸ್ಕೋಪಿನ ಗುಂಪಿನಲ್ಲಿ ನೂರಕ್ಕೆ ೫ ಮಾತ್ರ; ಇನ್ನೊಂದರಲ್ಲಿ ೩೨. ಆಸ್ಪತ್ರೆಯಲ್ಲಿ ಕಳೆದ ದಿನಗಳ ಸರಾಸರಿ ೫೩ ಮತ್ತು ೬೯. ಅನುಕೂಲವಿರುವಲ್ಲಿ ಎಂಡೋಸ್ಕೋಪಿಗೆ ಮೇಲುಗೈಯಿದೆಯೆಂದು ಒಪ್ಪೋಣ. ಆದರೆ ಲೇಸಾದ ದಾರಿಯಲ್ಲಿಯೂ ಐವತ್ತಮೂರು ದಿನಗಳು ಹಿಡಿದುವೆಂಬುದನ್ನು ಗಮನಿಸೋಣ. ಸಣ್ಣ ಗಾಯವೆಂದರೆ ಸಣ್ಣ ಕಾಯಿಲೆಯೆಂದು ಅರ್ಥವಲ್ಲ.

ಕಾಯುವ ವಿದ್ಯೆ

ಈ ಎಲ್ಲ ಪರೀಕ್ಷೆಗಳಿಂದ ಹೊಮ್ಮುವ ಮುಖ್ಯ ಪಾಠ ಯಾವ ಉಪಕರಣವನ್ನೂ ಕುರಿತದ್ದಲ್ಲ. ಅದು ಕಾಲವನ್ನು ಕುರಿತದ್ದು. ರೋಗ ಆರಂಭವಾಗಿ ನಾಲ್ಕು ವಾರಗಳಾಗುವ ವೇಳೆಗೆ ದೇಹವು ಸತ್ತ ಊತಕದ ಸುತ್ತ ತಾನೇ ಒಂದು ಗೋಡೆಯನ್ನು ಕಟ್ಟುತ್ತದೆ. ಒಳಗಿನದು ದ್ರವವಾಗುತ್ತ ಬರುತ್ತದೆ. ಗೋಡೆ ಕಟ್ಟಿದ ಮೇಲೆ ಒಳಹೊಕ್ಕರೆ ರಕ್ತಸ್ರಾವದ ಭಯ ಕಡಮೆ. ಆದುದರಿಂದ ಸೋಂಕು ತಗಲಿದರೂ ರೋಗಿ ತಾಳಬಲ್ಲನಾದರೆ ಆಂಟಿಬಯಾಟಿಕ್ ಔಷಧಿಗಳ ಬೆಂಬಲದಿಂದ ಅಲ್ಲಿಯವರೆಗೆ ಕೊಂಡೊಯ್ಯಬೇಕು.

ನಳಿಕೆಯನ್ನೂ ಹೀಗೆ ತಡೆಹಿಡಿಯಬೇಕೆ ಎಂಬ ಪ್ರಶ್ನೆ ಉಳಿದಿತ್ತು. ೨೦೨೧ರಲ್ಲಿ ಪ್ರಕಟವಾದ ಮತ್ತೊಂದು ಡಚ್ ಪರೀಕ್ಷೆಯಲ್ಲಿ ೧೦೪ ಮಂದಿಯ ಪೈಕಿ ಕೆಲವರಿಗೆ ಸೋಂಕು ತಿಳಿದ ಒಂದು ದಿನದೊಳಗೆ ನಳಿಕೆ ಹಾಕಿದರು. ಉಳಿದವರಲ್ಲಿ ಗೋಡೆ ಕಟ್ಟುವವರೆಗೆ ಕಾದರು. ಬೇಗ ಹಾಕಿದ್ದರಿಂದ ತೊಡಕುಗಳೇನೂ ಕಡಮೆಯಾಗಲಿಲ್ಲ. ಕಾದವರಲ್ಲಾದರೋ ನೂರಕ್ಕೆ ೩೯ ಮಂದಿಗೆ ನಳಿಕೆಯೂ ಬೇಕಾಗದೆ ಔಷಧಿಯಿಂದಲೇ ಗುಣವಾಯಿತು. ನಮ್ಮ ದೇಶದ ಅನುಭವವೂ ಇದಕ್ಕೆ ವಿರುದ್ಧವಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಪ್ರಮೋದ್ ಗರ್ಗ್ ಮತ್ತು ಸಹೋದ್ಯೋಗಿಗಳು ಶಸ್ತ್ರಕ್ಕೆ ಬದಲಾಗಿ ಮೊದಲು ಔಷಧೋಪಚಾರವನ್ನೇ ನೆಚ್ಚಿಕೊಳ್ಳಬಹುದೆಂಬ ವರದಿಯನ್ನು ೨೦೧೦ರಲ್ಲಿಯೇ ಪ್ರಕಟಿಸಿದ್ದರು.

ಹಾಗಾದರೆ ರೋಗಿಯು ಈ ನಾಲ್ಕು ವಾರಗಳನ್ನು ಎಲ್ಲಿ ಕಳೆಯುತ್ತಾನೆ? ಯಾರ ಕೈಯಲ್ಲಿ ಕಳೆಯುತ್ತಾನೆ? ನಮ್ಮ ವಾದವೆಲ್ಲ ನಿಂತಿರುವುದು ಈ ಪ್ರಶ್ನೆಯ ಮೇಲೆ.

ನಾಲ್ಕು ತಾಲ್ಲೂಕುಗಳಲ್ಲಿ ಆಗಬೇಕಾದುದು

ಶ್ರೀನಿವಾಸಪುರದಿಂದ ಕೋಲಾರಕ್ಕೆ ಸುಮಾರು ೨೫ ಕಿಲೋಮೀಟರ್. ಮುಳಬಾಗಿಲಿನಿಂದ ಹೆದ್ದಾರಿಯಲ್ಲಿ ಸುಮಾರು ೩೦. ಕೋಲಾರದಿಂದ ಬೆಂಗಳೂರಿಗೆ ಸುಮಾರು ೭೦. ಮಾಲೂರಿನವರಿಗೆ ಬೆಂಗಳೂರು ಇನ್ನೂ ಹತ್ತಿರವಾದುದರಿಂದ ಅವರು ಕೋಲಾರದತ್ತ ಮುಖಮಾಡದೆ ನೇರವಾಗಿ ನಗರಕ್ಕೇ ಹೋಗುವುದುಂಟು. ಜಿಲ್ಲೆಗೆ ಆಸ್ಪತ್ರೆಗಳ ಕೊರತೆಯಿದೆಯೆಂದು ಹೇಳುವಂತಿಲ್ಲ. ಕೋಲಾರದಲ್ಲಿ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಿದೆ. ಪಕ್ಕದ ಟಮಕದಲ್ಲಿ ೧೯೮೬ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜೂ ಅದಕ್ಕೆ ಸೇರಿದ ಆರ್. ಎಲ್. ಜಾಲಪ್ಪ ಆಸ್ಪತ್ರೆಯೂ ಇವೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜೀರ್ಣಾಂಗಗಳ ರೋಗಗಳಿಗೂ ಅಂಗಾಂಗ ಕಸಿಗೂ ಮೀಸಲಾದ ಸರ್ಕಾರಿ ಸಂಸ್ಥೆಯೊಂದಿದೆ. ಇವೆಲ್ಲವೂ ಒಂದೇ ಏಣಿಯ ಮೆಟ್ಟಿಲುಗಳಂತೆ ಕೂಡಿ ಕೆಲಸಮಾಡಬೇಕು ಎಂಬುದೇ ನಮ್ಮ ಬೇಡಿಕೆ.

ಮೊದಲನೆಯದಾಗಿ, ತಾಲ್ಲೂಕು ಆಸ್ಪತ್ರೆಯಲ್ಲಿ ಹಗಲಿರುಳೂ ಲೈಪೇಸ್ ಪರೀಕ್ಷೆ ದೊರೆಯುವಂತಿರಬೇಕು. ಇದು ದುಬಾರಿ ಪರೀಕ್ಷೆಯಲ್ಲ. ಬೆನ್ನಿಗೆ ತೂರುವ ಹೊಟ್ಟೆನೋವಿನಿಂದ ಬಂದ ಯಾರನ್ನೂ ಸೂಜಿಮದ್ದು ಕೊಟ್ಟು ಹಾಗೆಯೇ ಹಿಂದಕ್ಕೆ ಕಳುಹಿಸಬಾರದು.

ಎರಡನೆಯದಾಗಿ, ಮೊದಲ ಎರಡು ದಿನಗಳ ಉಪಚಾರ ಸರಿಯಾಗಿರಬೇಕು. ನರದ ಮೂಲಕ ದ್ರವವನ್ನು ಎಷ್ಟು ಹೆಚ್ಚು ಸುರಿದರೆ ಅಷ್ಟು ಒಳ್ಳೆಯದೆಂಬ ನಂಬಿಕೆ ಬಹುಕಾಲ ಇತ್ತು. ಭಾರತವೂ ಸೇರಿದಂತೆ ನಾಲ್ಕು ದೇಶಗಳ ೧೮ ಆಸ್ಪತ್ರೆಗಳಲ್ಲಿ ೨೪೯ ಮಂದಿಯ ಮೇಲೆ ನಡೆದು ೨೦೨೨ರಲ್ಲಿ ಪ್ರಕಟವಾದ ಪರೀಕ್ಷೆಯು ಇದನ್ನು ಅಲ್ಲಗಳೆಯಿತು. ಧಾರಾಳವಾಗಿ ದ್ರವ ಪಡೆದವರಲ್ಲಿ ನೂರಕ್ಕೆ ೨೦ ಮಂದಿಗಿಂತ ಹೆಚ್ಚು ಜನರ ಮೈಯಲ್ಲಿ ನೀರು ಮಿತಿಮೀರಿತು. ಹದವಾಗಿ ಪಡೆದವರಲ್ಲಿ ೬ ಮಂದಿಗೆ ಮಾತ್ರ. ಅರವತ್ತು ಕಿಲೋ ತೂಕದ ರೋಗಿಗೆ ಹದವಾದ ಪ್ರಮಾಣವೆಂದರೆ ಗಂಟೆಗೆ ಸುಮಾರು ೯೦ ಮಿಲಿಲೀಟರ್. ಮೂತ್ರದ ಪ್ರಮಾಣವನ್ನೂ ಉಸಿರಾಟವನ್ನೂ ನೋಡಿಕೊಂಡು ಇದನ್ನು ಹೆಚ್ಚಿಸುವುದೋ ತಗ್ಗಿಸುವುದೋ ಮಾಡಬೇಕು. ಇದಕ್ಕೆ ಬೇಕಾದುದು ಯಂತ್ರವಲ್ಲ. ಗಂಟೆಗೊಮ್ಮೆ ನೋಡಿ ಬರೆದಿಡುವ ಒಬ್ಬ ದಾದಿ. ಹಾಗೆಯೇ ಸೋಂಕು ತಗಲುವುದಕ್ಕೆ ಮೊದಲೇ ಮುನ್ನೆಚ್ಚರಿಕೆಯೆಂದು ಆಂಟಿಬಯಾಟಿಕ್ ಕೊಡುವುದರಿಂದ ಪ್ರಯೋಜನವಿಲ್ಲ. ದಿನಗಟ್ಟಲೆ ಉಪವಾಸವಿಡುವುದೂ ಸಲ್ಲದು. ರೋಗಿ ತಾಳಿಕೊಂಡರೆ ಬಾಯಿಂದ, ಇಲ್ಲವಾದರೆ ಮೂಗಿನ ನಳಿಕೆಯಿಂದ ಕರುಳಿಗೆ ಆಹಾರ ಕೊಡುವುದು ನರದ ಮೂಲಕ ಪೋಷಿಸುವುದಕ್ಕಿಂತ ಲೇಸು. ಈ ನಾಲ್ಕು ಮಾತುಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚುಹಾಕಿಸಿ ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯ ಗೋಡೆಗೆ ಅಂಟಿಸುವುದು ಕಷ್ಟದ ಕೆಲಸವಲ್ಲ.

ಮೂರನೆಯದಾಗಿ, ನಳಿಕೆ ಹಾಕುವ ಮೊದಲ ಮೆಟ್ಟಿಲು ಕೋಲಾರದಲ್ಲಿಯೇ ಗಟ್ಟಿಯಾಗಬೇಕು. ವೈದ್ಯಕೀಯ ಕಾಲೇಜಿರುವ ಊರಿನಲ್ಲಿ ಇದನ್ನು ಅಪೇಕ್ಷಿಸುವುದು ಅತಿಯಾಸೆಯಾಗದು. ಆದರೆ ನಳಿಕೆ ಹಾಕಿದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಅದು ಹೂಳಿನಿಂದ ಕಟ್ಟಿಕೊಳ್ಳುವ ತೂಬಿನಂತೆ ಮೇಲಿಂದ ಮೇಲೆ ಕಟ್ಟಿಕೊಳ್ಳುತ್ತದೆ. ದಿನಕ್ಕೆ ಮೂರು ಬಾರಿಯಾದರೂ ಉಪ್ಪುನೀರಿನ ದ್ರಾವಣದಿಂದ ತೊಳೆಯಬೇಕು. ಜಾಗ ತಪ್ಪಿದರೆ ಬದಲಿಸಬೇಕು. ನಳಿಕೆಯ ಯಶಸ್ಸು ಹಾಕಿದ ವೈದ್ಯರಿಗಿಂತ ನೋಡಿಕೊಳ್ಳುವ ದಾದಿಯರನ್ನು ಹೆಚ್ಚಾಗಿ ಅವಲಂಬಿಸಿದೆ. ಯಂತ್ರಗಳಿಗೆ ಹಣ ಕೇಳುವವರು ಬಹಳ. ದಾದಿಯರ ತರಬೇತಿಗೆ ಹಣ ಕೇಳುವವರು ವಿರಳ.

ನಾಲ್ಕನೆಯದಾಗಿ, ಯಾರನ್ನು ಯಾವಾಗ ಬೆಂಗಳೂರಿಗೆ ಕಳುಹಿಸಬೇಕೆಂಬುದಕ್ಕೆ ಒಂದು ಕ್ರಮವಿರಬೇಕು. ಉಸಿರಾಟ, ಮೂತ್ರಪಿಂಡ ಅಥವಾ ರಕ್ತದ ಒತ್ತಡ ಕುಸಿದು ಎರಡು ದಿನ ಕಳೆದರೂ ಸುಧಾರಿಸದ ರೋಗಿಯನ್ನು ಜಿಲ್ಲೆಯಲ್ಲಿ ಇಟ್ಟುಕೊಳ್ಳುವುದು ಹಟವಾದೀತು. ಅಂಥವರನ್ನು ತೀವ್ರನಿಗಾ ವ್ಯವಸ್ಥೆ ಬಲವಾಗಿರುವ ಕಡೆಗೆ ಕೂಡಲೆ ಕಳುಹಿಸಬೇಕು. ನಳಿಕೆಯಿಂದ ಗುಣ ಕಾಣದವರೂ, ಎಂಡೋಸ್ಕೋಪಿನ ದಾರಿಗೆ ತಕ್ಕವರೂ, ರಕ್ತಸ್ರಾವವಾದವರೂ ಹೋಗಬೇಕು. ಉಳಿದವರಿಗೆ ಹೋಗುವ ಅಗತ್ಯವಿಲ್ಲ. ಡಚ್ಚರ ಪರೀಕ್ಷೆಯಲ್ಲಿ ಭಾಗವಹಿಸಿದ ಹತ್ತೊಂಬತ್ತು ಆಸ್ಪತ್ರೆಗಳ ಪೈಕಿ ಏಳು ಮಾತ್ರ ವಿಶ್ವವಿದ್ಯಾಲಯದವು. ರೋಗಿಯ ಚಿತ್ರಗಳನ್ನು ತಜ್ಞರ ಮಂಡಲಿಯೊಂದು ದೂರದಿಂದಲೇ ನೋಡಿ ಸಲಹೆ ಕೊಡುತ್ತಿತ್ತು. ಸಿ.ಟಿ. ಚಿತ್ರವನ್ನು ಕ್ಷಣಾರ್ಧದಲ್ಲಿ ಕೈಫೋನಿನಲ್ಲಿ ಕಳುಹಿಸಬಲ್ಲ ಈ ಕಾಲದಲ್ಲಿ ಕೋಲಾರದ ಶಸ್ತ್ರಜ್ಞರಿಗೂ ಬೆಂಗಳೂರಿನ ತಜ್ಞರಿಗೂ ಅಂಥದೊಂದು ಮಂಡಲಿಯನ್ನು ಕಟ್ಟಿಕೊಳ್ಳಲು ಅಡ್ಡಿಯೇನು? ೧೦೮ರ ವಾಹನದಲ್ಲಿ ರೋಗಿಯನ್ನು ಸಾಗಿಸುವುದು ಸುಲಭವಾಗಿದೆ. ರೋಗದ ಮೊದಲ ದಿನ ಯಾವುದು, ಯಾವ ಔಷಧಿ ಎಂದಿನಿಂದ ಕೊಟ್ಟಿದೆ, ಚಿತ್ರದಲ್ಲಿ ಕಂಡದ್ದೇನು ಎಂಬ ವಿವರಗಳು ರೋಗಿಯ ಜೊತೆಗೇ ಸಾಗಬೇಕು. ನಾಲ್ಕು ವಾರಗಳ ಲೆಕ್ಕ ಆರಂಭವಾಗುವುದು ರೋಗದ ಮೊದಲ ದಿನದಿಂದ. ಆಸ್ಪತ್ರೆಗೆ ಸೇರಿದ ದಿನದಿಂದಲ್ಲ.

ಐದನೆಯದಾಗಿ, ಹಣದ ಮಾತು. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಗಳಿಗೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯನ್ನು ಒದಗಿಸುತ್ತದೆ. ಒಂದು ಚಿಕಿತ್ಸೆಗೆ ಒಂದು ದರವೆಂದು ನಿಗದಿಮಾಡುವ ಪದ್ಧತಿಯು ಒಂದೇ ದಿನದ ಶಸ್ತ್ರಕ್ರಿಯೆಗೆ ಚೆನ್ನಾಗಿ ಹೊಂದುತ್ತದೆ. ವಾರಗಟ್ಟಲೆ ಕಾಯುವುದೇ ಚಿಕಿತ್ಸೆಯಾಗಿರುವ, ನಳಿಕೆಯನ್ನು ಹಲವು ಬಾರಿ ಬದಲಿಸಬೇಕಾದ ಈ ರೋಗಕ್ಕೆ ಅದು ಸುಲಭವಾಗಿ ಹೊಂದುವುದಿಲ್ಲ. ಕುಯ್ದರೆ ಹಣ, ಕಾದರೆ ಹಣವಿಲ್ಲ ಎಂಬಂತಾದರೆ ಆಸ್ಪತ್ರೆಗಳು ಕುಯ್ಯುವುದರತ್ತಲೇ ವಾಲಿಯಾವು. ಕಾಯುವುದಕ್ಕೂ ಬೆಲೆ ಕಟ್ಟುವ ಏರ್ಪಾಟು ಬೇಕು.

ಈ ಎಲ್ಲವನ್ನೂ ಕೇಳಿ, ‘ಇಷ್ಟೆಲ್ಲ ತೊಡಕೇಕೆ? ರೋಗ ತಿಳಿದೊಡನೆ ಎಲ್ಲರನ್ನೂ ಬೆಂಗಳೂರಿಗೆ ಸಾಗಿಸಿಬಿಟ್ಟರಾಯಿತಲ್ಲ’ ಎಂದು ಕೇಳುವವರಿದ್ದಾರೆ. ಆಕ್ಷೇಪಣೆ ತಳ್ಳಿಹಾಕುವಂಥದಲ್ಲ; ಹೆಚ್ಚು ರೋಗಿಗಳನ್ನು ಕಂಡ ಕೈಗೆ ಹೆಚ್ಚು ಪಳಗಿಕೆ ಇರುವುದು ದಿಟ. ಆದರೆ ನೂರರಲ್ಲಿ ಎಂಬತ್ತು ಮಂದಿಗೆ ಆ ಪಳಗಿಕೆ ಬೇಕಾಗುವುದೇ ಇಲ್ಲ. ಅವರೆಲ್ಲರೂ ನಗರದ ಹಾಸಿಗೆಗಳನ್ನು ತುಂಬಿದರೆ ನಿಜವಾಗಿಯೂ ಬೇಕಾದ ರೋಗಿಗೆ ಹಾಸಿಗೆ ಸಿಕ್ಕದು. ಇನ್ನು ರೋಗಿಯ ಸಂಗಡಿಗರ ಪಾಡನ್ನು ಯೋಚಿಸಬೇಕು. ಮುಳಬಾಗಿಲಿನ ಮನೆಯವರು ಕೋಲಾರಕ್ಕೆ ಬೆಳಗ್ಗೆ ಬುತ್ತಿ ತಂದು ಸಂಜೆಗೆ ಹಿಂದಿರುಗಬಲ್ಲರು. ಹಸುವಿಗೆ ಹುಲ್ಲು ಹಾಕಿ, ಡೇರಿಗೆ ಹಾಲು ಅಳೆದು ಬರಬಲ್ಲರು. ಬೆಂಗಳೂರಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಐವತ್ತು ದಿನ ಮಲಗಿದರೆ ಚಿಕಿತ್ಸೆ ಉಚಿತವಾದರೂ ಮನೆ ಸಾಲಕ್ಕೆ ಬೀಳುತ್ತದೆ. ಸಾಲಕ್ಕೆ ಹೆದರಿ ನಡುವಿನಲ್ಲಿಯೇ ರೋಗಿಯನ್ನು ಮನೆಗೆ ಕರೆದೊಯ್ಯುವವರೂ ಉಂಟು. ಹಾಗೆ ಅರ್ಧಕ್ಕೆ ನಿಂತ ಚಿಕಿತ್ಸೆಗೆ ಯಾವ ಎಂಡೋಸ್ಕೋಪೂ ಉತ್ತರವಲ್ಲ.

ಮತ್ತೆ ಬಾರದಂತೆ

ಕೀವು ಬಸಿದು, ಜ್ವರ ಇಳಿದು, ರೋಗಿ ಎದ್ದು ಓಡಾಡಿದ ಮೇಲೆ ಒಂದು ಮುಖ್ಯ ಕಾರ್ಯ ಉಳಿದಿರುತ್ತದೆ: ರೋಗದ ಮೂಲವನ್ನು ತೆಗೆಯುವುದು. ಪಿತ್ತಕೋಶದ ಕಲ್ಲಿನಿಂದ ಸೌಮ್ಯವಾದ ಉರಿಯೂತ ಬಂದವರಿಗೆ ಅದೇ ಸಲ ಆಸ್ಪತ್ರೆಯಲ್ಲಿರುವಾಗಲೇ ಪಿತ್ತಕೋಶವನ್ನು ತೆಗೆಯುವುದು ಲೇಸೆಂದು ೨೦೧೫ರಲ್ಲಿ ಪ್ರಕಟವಾದ ೨೬೬ ಮಂದಿಯ ಪರೀಕ್ಷೆಯೊಂದು ತೋರಿಸಿದೆ. ಹಾಗೆ ಮಾಡಿಸಿಕೊಂಡವರಲ್ಲಿ ನೂರಕ್ಕೆ ೫ ಮಂದಿಗೆ ಕಲ್ಲಿನ ತೊಂದರೆ ಮರುಕಳಿಸಿತು ಅಥವಾ ಸಾವುಂಟಾಯಿತು. ಮನೆಗೆ ಹೋಗಿ ಕೆಲವು ವಾರಗಳ ಮೇಲೆ ಬಂದವರಲ್ಲಿ ೧೭ ಮಂದಿಗೆ. ರೋಗ ವಿಷಮಿಸಿದ್ದವರಲ್ಲಾದರೋ ಊತವಿಳಿದು ದೇಹ ಸುಧಾರಿಸುವವರೆಗೆ ಕಾಯಬೇಕಾಗುತ್ತದೆ, ಆದರೆ ಮರೆಯಕೂಡದು. ಪಿತ್ತಕೋಶವನ್ನು ತೆಗೆಯುವುದು ಜಿಲ್ಲೆಯ ಶಸ್ತ್ರಜ್ಞರಿಗೆ ದಿನನಿತ್ಯದ ಕೆಲಸ. ಸುಗ್ಗಿ ಮುಗಿಯಲಿ, ಮಾವಿನ ಫಸಲು ಇಳಿಯಲಿ, ಮದುವೆ ಕಳೆಯಲಿ ಎಂದು ಮುಂದೂಡುವ ಪ್ರತಿಯೊಂದು ತಿಂಗಳೂ ಎರಡನೆಯ ಆಘಾತಕ್ಕೆ ಕೊಟ್ಟ ಆಹ್ವಾನವಾಗುತ್ತದೆ.

ಮದ್ಯದಿಂದ ರೋಗ ತಂದುಕೊಂಡವರಿಗೆ ‘ಇನ್ನು ಕುಡಿಯಬೇಡ’ ಎಂದು ಗದರಿಸಿ ಚೀಟಿ ಕೊಟ್ಟು ಕಳುಹಿಸುವುದು ಚಿಕಿತ್ಸೆಯಲ್ಲ. ಹೊಟ್ಟೆಯ ಕೀವನ್ನು ಬಸಿಯಲು ಅಷ್ಟು ಶ್ರಮಪಟ್ಟ ಆಸ್ಪತ್ರೆಯು ವ್ಯಸನವನ್ನು ಬಿಡಿಸುವ ವೈದ್ಯರ ಬಳಿಗೆ ಅವನನ್ನು ಕೈಹಿಡಿದು ಕರೆದೊಯ್ಯಬೇಕು. ಕೀಟನಾಶಕ ಸಿಂಪಡಿಸುವವರಿಗೆ ಕೈಗವಸು, ಮುಖವಾಡ, ಗಾಳಿಯ ದಿಕ್ಕಿನ ತಿಳಿವಳಿಕೆ ಇವುಗಳನ್ನು ಒದಗಿಸುವುದು ಕೃಷಿ ಇಲಾಖೆಯ ಕೆಲಸವಷ್ಟೇ ಅಲ್ಲ, ಆರೋಗ್ಯ ಇಲಾಖೆಯದೂ ಹೌದು.

ಶಸ್ತ್ರವೈದ್ಯವು ಚಿಕ್ಕ ರಂಧ್ರಕ್ಕೆ ಇಳಿದಷ್ಟೂ ಅದರ ಹಿಂದಿನ ವ್ಯವಸ್ಥೆ ದೊಡ್ಡದಾಗಬೇಕಾಗುತ್ತದೆ. ಹಳೆಯ ದೊಡ್ಡ ಗಾಯವನ್ನು ಒಬ್ಬ ಧೀರ ಶಸ್ತ್ರಜ್ಞನು ಒಂದು ರಾತ್ರಿಯಲ್ಲಿ ಮಾಡಿ ಮುಗಿಸಬಹುದಾಗಿತ್ತು. ನಾಲ್ಕು ಮಿಲಿಮೀಟರಿನ ನಳಿಕೆಗಾದರೋ ತಾಲ್ಲೂಕಿನ ಪ್ರಯೋಗಶಾಲೆಯವನು, ಗಂಟೆಗಂಟೆಗೂ ಬರೆದಿಡುವ ದಾದಿ, ವಿಕಿರಣ ವೈದ್ಯ, ಶಸ್ತ್ರಜ್ಞ, ನಗರದ ತಜ್ಞ, ಕಾಯುವುದಕ್ಕೆ ಹಣ ಕೊಡುವ ಸರ್ಕಾರ, ಬುತ್ತಿ ತರುವ ಮನೆಯವರು—ಇಷ್ಟು ಮಂದಿಯೂ ಬೇಕು. ಇವರನ್ನೆಲ್ಲ ಒಂದುಗೂಡಿಸುವ ಯಂತ್ರವನ್ನು ಯಾವ ಕಂಪೆನಿಯೂ ಮಾರುವುದಿಲ್ಲ. ಅದನ್ನು ಜಿಲ್ಲೆಯ ಜನರೂ ವೈದ್ಯರೂ ಆಡಳಿತಗಾರರೂ ಕೂಡಿ ಕಟ್ಟಿಕೊಳ್ಳಬೇಕು. ಕೆರೆಗಳನ್ನು ಸರಪಳಿಯಾಗಿ ಕಟ್ಟಿ, ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಸೇರುವಂತೆ ಏರ್ಪಡಿಸಿದ ಹಿರಿಯರ ನಾಡಿನಲ್ಲಿ ಇದು ಆಗದ ಕೆಲಸವೆಂದು ನಾವು ಎಣಿಸುವುದಿಲ್ಲ.